ಗಡ್ಡದ ಅಳಿಯನಿಗೆ ಮಾವನ ಎರಡು ಮಾತು

ಅಳಿಯಾ, ಮೊನ್ನೆ ಭಾನುವಾರ ನಿನ್ನ ಅಮ್ಮ ಫೋನು ಮಾಡಿ ಅರ್ಧ ಗಂಟೆ ಮಾತಾಡಿದಳು. ಅಡಿಕೆಗೆ ಕೊಳೆರೋಗ ಬಂದ ಸುದ್ದಿಗೆ ಎರಡು ನಿಮಿಷ, ಉಳಿದದ್ದೆಲ್ಲ ನಿನ್ನ ಗಡ್ಡಕ್ಕೆ. "ಅಣ್ಣ, ನೀವೊಂದು ಮಾತು ಹೇಳಿ, ನೀವು ಹೇಳಿದರೆ ಕೇಳುತ್ತಾನೆ" ಅಂದಳು. ಅಳಿಯಸಂತಾನದ ಮನೆಯಲ್ಲಿ ಸೋದರಮಾವನ ಮಾತಿಗೆ ಈಗಲೂ ಬೆಲೆ ಇದೆ ಎಂದು ಅವಳ ನಂಬಿಕೆ. ನನಗೆ ಅಷ್ಟೇನೂ ಇಲ್ಲ. ಆದರೂ ಹೇಳುತ್ತೇನೆ; ಅವಳು ಹೇಳಿಸಬೇಕೆಂದಿರುವ ಮಾತನ್ನಲ್ಲ.

ಕಳೆದ ತಿಂಗಳು ಸಿದ್ಧಕಟ್ಟೆಯ ಭಂಡಾರಿಯವರ ಸೆಲೂನಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತದ್ದು ನೆನಪಿದೆಯಲ್ಲ? ನನ್ನದು ಹತ್ತು ನಿಮಿಷದ ಕೆಲಸ. ಕಾಗದದೊಳಗಿನ ಬ್ಲೇಡನ್ನು ಹಾಗೇ ಲಟಕ್ಕನೆ ಮುರಿದು ಅರ್ಧ ಕತ್ತಿಗೆ ಸಿಕ್ಕಿಸಿದರು, ನೊರೆ ಹಚ್ಚಿದರು, ಎರಡು ಸಲ ಎಳೆದರು, ಕೊನೆಗೆ ಆಲಂ ಕಲ್ಲು ಉಜ್ಜಿದರು. ಆಯಿತು. ನಿನಗೆ ಮುಕ್ಕಾಲು ಗಂಟೆ. ಕೆನ್ನೆಯ ಮೇಲೆ ಗೆರೆ ಎಳೆದು, ಬಾಚಿ, ಕತ್ತರಿಸಿ, ಮತ್ತೆ ಕನ್ನಡಿ ನೋಡಿ, ಮತ್ತೆ ಗೆರೆ. ಗೋಡೆಯಲ್ಲಿದ್ದ ಯಶ್ ಫೋಟೋವನ್ನು ನೀನು ಓರೆಗಣ್ಣಿನಲ್ಲಿ ನೋಡುತ್ತಿದ್ದುದನ್ನೂ ನಾನು ಗಮನಿಸಿದೆ. 2018ರಲ್ಲಿ 'ಕೆಜಿಎಫ್' ಬಂದದ್ದೇ ಬಂದದ್ದು, ಗಡ್ಡ ತೆಗೆಯುವ ಅಂಗಡಿಗಳೆಲ್ಲ ಗಡ್ಡ ಕೆತ್ತುವ ಅಂಗಡಿಗಳಾದವು. "ಗಡ್ಡ ಇಟ್ಟವರೇ ನಮಗೆ ಹೆಚ್ಚು ಸಲ ಬರುವುದು ಮಾಷ್ಟ್ರೇ" ಎಂದು ಭಂಡಾರಿಯವರು ನಕ್ಕರು. ಹಾಗಾಗಿ ನಿನ್ನದು ಸೋಮಾರಿತನದ ಗಡ್ಡ ಎಂದು ನಿನ್ನ ಅಪ್ಪ ಬೈಯುವುದನ್ನು ನಾನಂತೂ ಒಪ್ಪುವುದಿಲ್ಲ.

ಆದರೆ ನಮ್ಮ ಊರಿನಲ್ಲಿ ಗಡ್ಡ ಬರೀ ಕೂದಲಲ್ಲ ಮಾರಾಯ. ಒಂದೊಂದು ಗಡ್ಡಕ್ಕೆ ಒಂದೊಂದು ಕಾರಣ. ಮಾಲೆ ಹಾಕಿದವನು ಶಬರಿಮಲೆಗೆ ಹೋಗಿ ಬರುವ ತನಕ, ನಲವತ್ತೊಂದು ದಿನವಾದರೂ, ಕತ್ತಿ ಮುಟ್ಟಿಸುವುದಿಲ್ಲ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು ಎನ್ನುವ ಮನೆಗಳು ಇನ್ನೂ ಇವೆ. ನಾವೆಲ್ಲ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯ ಗಡ್ಡ ನೋಡಿಯೇ ಸಿಹಿ ಕೇಳುತ್ತಿದ್ದೆವು. ಬ್ಯಾರಿಗಳಲ್ಲಿ ಮೀಸೆ ಕತ್ತರಿಸಿ ಗಡ್ಡ ಬಿಡುವುದು ಸುನ್ನತ್ತು. ಆದರೆ ಅದು ಕಡ್ಡಾಯವೋ, ಬಿಟ್ಟರೆ ಒಳ್ಳೆಯದೋ ಎಂಬಲ್ಲಿ ಅವರಲ್ಲೇ ಎರಡು ಮಾತು. ನುಣ್ಣಗೆ ಕ್ಷೌರ ಮಾಡಿಕೊಂಡು ಐದು ಹೊತ್ತಿನ ನಮಾಜು ತಪ್ಪಿಸದ ಗೆಳೆಯರು ನನಗಿದ್ದಾರೆ.

ಇನ್ನು ಯಕ್ಷಗಾನದವರ ಕಷ್ಟ ಬೇರೆ. ಹೆಣ್ಣುವೇಷಕ್ಕೆ ಗಡ್ಡ ಆಗದು, ಅಕ್ಕಿಹಿಟ್ಟಿನ ಚುಟ್ಟಿ ಇಡುವ ಬಣ್ಣದ ವೇಷಕ್ಕೂ ಆಗದು. ವಿಶ್ವಾಮಿತ್ರನಿಗೆ ಬೇಕಾದ ಗಡ್ಡ ಚೌಕಿಯ ಪೆಟ್ಟಿಗೆಯಲ್ಲೇ ಇರುತ್ತದೆ.

ನೀನು ಏಳೆಂಟು ವರ್ಷದವನಿದ್ದಾಗ, 2012ರ ಮಹಾಮಸ್ತಕಾಭಿಷೇಕಕ್ಕೆ ವೇಣೂರಿಗೆ ಕರೆದುಕೊಂಡು ಹೋಗಿದ್ದೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿಯನ್ನು ಕತ್ತು ಎತ್ತಿ ನೋಡಿ ಕೇಳಿದೆ: "ಮಾವ, ಒಂದು ವರ್ಷ ನಿಂತು ಮೈಮೇಲೆ ಬಳ್ಳಿ ಬಂದಿದೆ, ಗಡ್ಡ ಯಾಕೆ ಬರಲಿಲ್ಲ?" ಜನ ತಿರುಗಿ ನೋಡಿದರು. ಸುಮ್ಮನಿರು ಎಂದು ಗದರಿದೆ. ಪ್ರಶ್ನೆ ಚೆನ್ನಾಗಿತ್ತು, ಉತ್ತರ ನನ್ನ ಹತ್ತಿರ ಇರಲಿಲ್ಲ, ಅಷ್ಟೇ. ಆಮೇಲೊಮ್ಮೆ ಮೂಡುಬಿದಿರೆಯಲ್ಲಿ ಮುನಿಗಳೊಬ್ಬರ ಕೇಶಲೋಚನ ನೋಡಿದೆ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದೂ ಒಂದು. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ, ಉಪವಾಸವಿದ್ದು, ತಲೆ ಗಡ್ಡ ಮೀಸೆಯ ಕೂದಲನ್ನು ತಮ್ಮ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಬೆರಳು ಜಾರದ ಹಾಗೆ ಒಂದಿಷ್ಟು ಬೂದಿ, ಬೇರೆ ಯಾವ ಸಾಧನವೂ ಇಲ್ಲ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಹಿಂದಿನ ದಿನ ನೋಡಿದವನು ಅವರಿಗೆ ಗಡ್ಡ ಇತ್ತು ಎನ್ನುತ್ತಾನೆ, ಮರುದಿನ ನೋಡಿದವನು ಇಲ್ಲ ಎನ್ನುತ್ತಾನೆ.

ಈಗ ನನ್ನ ತಪ್ಪಿನ ಕತೆ. ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಹುಡುಗರು ಗಡ್ಡ ಬಿಟ್ಟು ಬರಬಾರದೆಂದು ನಿಯಮ. ಗೇಟಿನಲ್ಲಿ ನಿಲ್ಲುವ ಸರದಿ ಆ ದಿನ ನನ್ನದು. ದ್ವಿತೀಯ ಪಿಯುಸಿಯ ಹುಡುಗನೊಬ್ಬ ಬಂದ. ಹದಿನೇಳರ ಗಡ್ಡ, ಗದ್ದದ ಮೇಲೆ ಹದಿನೈದಿಪ್ಪತ್ತು ಎಳೆ, ಕೆನ್ನೆಯಲ್ಲಿ ಏನೂ ಇಲ್ಲ. "ಏನೋ, ಹೀರೋ ಆಗಲಿಕ್ಕುಂಟಾ?" ಎಂದೆ. ಹಿಂದಿದ್ದ ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ನಿಂತ. ತೆಗೆದು ಬಾ ಎಂದು ವಾಪಸು ಕಳಿಸಿದೆ. ಅವನು ಒಂದು ಮಾತೂ ಆಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮಧ್ಯಾಹ್ನ ಅವನ ತರಗತಿಯ ಹುಡುಗಿಯೊಬ್ಬಳು ಬಂದು, "ಸರ್, ಅವನ ಅಪ್ಪ ತೀರಿಕೊಂಡು ಒಂಬತ್ತು ದಿನ. ಬೊಜ್ಜ ಆಗದೆ ತೆಗೆಯುವ ಹಾಗಿಲ್ಲವಂತೆ. ಪರೀಕ್ಷೆ ಹತ್ತಿರ ಬಂತೂಂತ ಬಂದದ್ದು" ಅಂದಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಅವನ ಮನೆಗೆ ಹೋದೆ. ಬೋಳು ತಲೆ, ನುಣ್ಣನೆಯ ಮುಖ. ನನ್ನನ್ನು ಕಂಡ ಕೂಡಲೆ ಓಡಿ ಬಂದು ಕುರ್ಚಿ ಹಾಕಿದ. ಆ ಕುರ್ಚಿಯಲ್ಲಿ ಕೂತ ಹತ್ತು ನಿಮಿಷ ನನಗೆ ಇವತ್ತಿಗೂ ಮುಗಿದಿಲ್ಲ. ಯಾಕೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ನಿನಗೇ ಆದದ್ದು ನೋಡು. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದ ಹಿರಿಯರೊಬ್ಬರು ನಿನ್ನ ಗಡ್ಡ ನೋಡಿ ಸಲಾಂ ಹೇಳಿದರು, ನೀನು ನಗದೆ ಸಲಾಂ ಹಿಂದಿರುಗಿಸಿ ಸೀಟು ಬಿಟ್ಟುಕೊಟ್ಟೆ ಎಂದು ನೀನೇ ಹೇಳಿದ್ದು. ಬಹಳ ಒಳ್ಳೆಯ ಕೆಲಸ ಮಾಡಿದೆ. ಆದರೆ ಊರಿನಲ್ಲಿ ಗಲಾಟೆ ಎದ್ದ ದಿನಗಳಲ್ಲಿ ಇದೇ ಗಡ್ಡ ನೋಡಿ ಹೆಸರು ಕೇಳುವವರೂ ಇದ್ದಾರೆ. ನೀನು ಫ್ಯಾಷನ್ನಿಗೆ ಬಿಟ್ಟದ್ದನ್ನು ನಾಳೆ ತೆಗೆದು ಬಿಡಬಹುದು. ನಿನ್ನ ಹಾಸ್ಟೆಲಿನ ಪಕ್ಕದ ರೂಮಿನ ಹುಡುಗ ನಂಬಿಕೆಯಿಂದ ಬಿಟ್ಟದ್ದಕ್ಕೆ ಆ ಸೌಲಭ್ಯ ಇಲ್ಲ. ಅವನನ್ನು ಯಾರಾದರೂ ಗೇಲಿ ಮಾಡಿದರೆ ನಿನ್ನ ಗಡ್ಡವೂ ಅವನ ಪಕ್ಕದಲ್ಲಿ ಇರಲಿ.

ಕೆಲಸದ ಪ್ರಶ್ನೆ ಬಂದಾಗ ಮಾತ್ರ ಹಟ ಬೇಡ. ವಾಯುಪಡೆಯ ಸಿಬ್ಬಂದಿಯ ಗಡ್ಡದ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು, 2016ರ ಡಿಸೆಂಬರ್ 15ರಂದು ತೀರ್ಪಾಯಿತು. ಕೂದಲು ಕತ್ತರಿಸುವುದನ್ನೇ, ಗಡ್ಡ ತೆಗೆಯುವುದನ್ನೇ ಧರ್ಮ ನಿಷೇಧಿಸಿದವರಿಗೆ ವಾಯುಪಡೆಯ ನಿಯಮದಲ್ಲಿ ವಿನಾಯಿತಿ ಇದೆ. ಸಿಖ್ಖರಿಗೆ ಸಿಗುವುದು ಹಾಗೆ. ಇಸ್ಲಾಮಿನಲ್ಲಿ ಅಂಥ ನಿಷೇಧ ಇದೆಯೇ ಎಂದು ಕೋರ್ಟು ಕೇಳಿದಾಗ, ಬೇರೆ ಬೇರೆ ವ್ಯಾಖ್ಯಾನಗಳಿವೆ, ಗಡ್ಡ ಬಿಡುವುದು ಅಪೇಕ್ಷಣೀಯ ಎಂಬುದು ಅದರಲ್ಲೊಂದು ಎಂದು ವಕೀಲರು ಹೇಳಿದರು. ಮೇಲ್ಮನವಿ ಬಿದ್ದುಹೋಯಿತು. ಅದೇ ದೇಶದ ನೌಕಾಪಡೆಯಲ್ಲಿ ಅನುಮತಿ ಪಡೆದು ಯಾರು ಬೇಕಾದರೂ ಪೂರ್ತಿ ಗಡ್ಡ ಬಿಡಬಹುದು! ಸಮುದ್ರಕ್ಕೊಂದು ನಿಯಮ, ಆಕಾಶಕ್ಕೊಂದು ನಿಯಮ. ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಕಂಪನಿ ಯಾವ ನಿಯಮದ್ದು ಎಂದು ಮೊದಲೇ ವಿಚಾರಿಸಿಕೋ.

ಇನ್ನೆರಡು ಸಣ್ಣ ಸಂಗತಿ. ಮಳೆಗಾಲದಲ್ಲಿ ಗಡ್ಡ ಒದ್ದೆ ಬಿಡಬೇಡ, ತೊಳೆದ ಮೇಲೆ ಚೆನ್ನಾಗಿ ಒರೆಸು. ಹುಳುಕಡ್ಡಿ ಹಿಡಿದರೆ ಗೆರೆ ಎಳೆದ ಚಂದವೆಲ್ಲ ಹೋಯಿತು. ಹಾಸ್ಟೆಲಿನಲ್ಲಿ ಒಬ್ಬರ ರೇಜರು ಇನ್ನೊಬ್ಬರು ಬಳಸಬೇಡಿ. ಹೆಪಟೈಟಿಸ್ ಬಿ ಬರಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ನಿನ್ನ ಅಪ್ಪ ಮತ್ತೆ "ಗಡ್ಡ ಬಿಟ್ಟು ಉದ್ಧಾರ ಆದವರು ಯಾರು?" ಎಂದರೆ ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರ ಹೆಸರು ಹೇಳು. ಹುಡುಗನಾಗಿರುವಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದವರು. ಆ ಗಡ್ಡವಿಲ್ಲದೆ ಅವರನ್ನು ನೆನಪಿಸಿಕೊಳ್ಳಲಿಕ್ಕೇ ನನ್ನಿಂದಾಗದು. ಅಪ್ಪ ಅದಕ್ಕೆ ಶಿವರಾಮ ಕಾರಂತರ ನುಣ್ಣನೆಯ ಮುಖ ತೋರಿಸುತ್ತಾರೆ, ಗ್ಯಾರಂಟಿ. ತೋರಿಸಲಿ. ಗಡ್ಡವಿಲ್ಲದ ಕಾರಂತರು ಬರೆದ 'ಚೋಮನ ದುಡಿ'ಯನ್ನು 1975ರಲ್ಲಿ ಸಿನಿಮಾ ಮಾಡಿದ್ದು ಗಡ್ಡದ ಕಾರಂತರೇ ಎನ್ನು.

ಅಮ್ಮನಿಗೆ ನಾನು ಫೋನು ಮಾಡುತ್ತೇನೆ. ಚೌತಿಗೆ ಮನೆಗೆ ಬರುವಾಗ ಒಮ್ಮೆ ಸೆಲೂನಿಗೆ ಹೋಗಿ ಬಾ, ಮಂಗಳವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ. ಗಂಜಿ ಉಣ್ಣುವಾಗ ಮೀಸೆ ಒರೆಸಿಕೋ. ಅವಳ ಸಿಟ್ಟು ಅರ್ಧ ಇರುವುದು ಅದಕ್ಕೇ.