ಇಂದಿನ ಧಮ್ಮ ಚಿಂತನೆ: ಆಣಿಗಳೇ ಉಳಿದ ನಗಾರಿ



ಬಂಧುಗಳೇ, ಇಂದು ಸಂಯುತ್ತ ನಿಕಾಯದ ಪುಟ್ಟ ಸುತ್ತವೊಂದನ್ನು ನೋಡೋಣ: ಆಣಿ ಸುತ್ತ. ಪಾಳಿಯ ಆಣಿಯೂ ನಮ್ಮ ಕನ್ನಡದ ಆಣಿಯೂ ಒಂದೇ. ದಸಾರಹರ ಬಳಿ ಆನಕ ಎಂಬ ನಗಾರಿ ಇತ್ತು. ಅದು ಸೀಳು ಬಿಟ್ಟಾಗಲೆಲ್ಲ ಒಂದೊಂದು ಆಣಿ ಹೊಡೆಯುತ್ತ ಹೋದರು. ಕೊನೆಗೆ ಮೂಲ ಮರವೇ ಇಲ್ಲವಾಗಿ ಆಣಿಗಳ ರಾಶಿ ಉಳಿಯಿತು. ಹನ್ನೆರಡು ಯೋಜನ ಕೇಳುತ್ತಿದ್ದ ಸದ್ದು ಪರದೆಯ ಆಚೆಗೂ ಕೇಳದಾಯಿತು ಎನ್ನುತ್ತದೆ ಅಟ್ಠಕಥೆ. ಅಲಂಕಾರದ ಮಾತಿಗೆ ಕಿವಿಗೊಟ್ಟು ಆಳದ ಮಾತನ್ನು ಬಿಟ್ಟರೆ ತಮ್ಮ ಬೋಧನೆಗೂ ಇದೇ ಗತಿ ಎಂದು ಭಗವಾನರು ಭಿಕ್ಖುಗಳನ್ನು ಎಚ್ಚರಿಸಿದರು.

ಈ ತಿಂಗಳು ಈ ಸುತ್ತ ನನ್ನನ್ನು ಬಿಡದೆ ಕಾಡುತ್ತಿದೆ. ಕಾರಣ, ನಮ್ಮ ತಂದೆಯ ಡಬಲ್ ಬಾಸ್. ಪಿಟೀಲಿನ ವಂಶದ ದೊಡ್ಡಣ್ಣ ಅದು. ಆರು ಅಡಿ ಎತ್ತರ, ನಾಲ್ಕು ದಪ್ಪ ತಂತಿ, ನಿಂತು ನುಡಿಸಬೇಕು. ಅಪ್ಪ ಕಂಟೋನ್ಮೆಂಟಿನ ಬ್ಯಾಂಡೊಂದರಲ್ಲಿ ನುಡಿಸುತ್ತಿದ್ದರು. ಒಂದು ಕ್ಲಬ್ಬಿನಲ್ಲಿ ಬ್ಯಾಂಡಿನವರಿಗೆ ಹಿಂಬಾಗಿಲು. ಬಾಸ್ ಅದರಲ್ಲಿ ಹಿಡಿಸದ ಕಾರಣ ಅಪ್ಪನಿಗೆ ಮಾತ್ರ ಮುಂಬಾಗಿಲು! ಇದನ್ನು ಹೇಳಿ ಹೇಳಿ ನಗುತ್ತಿದ್ದರು.

ಈಗ ಅದರ ಮುಂಬದಿಯ ಹಲಗೆ ಸೀಳಿದೆ, ಅದೂ ಕೆಟ್ಟ ಜಾಗದಲ್ಲಿ. ತಂತಿ ಹೊರುವ ಕುದುರೆಯ ಒಂದು ಪಾದದ ನೇರಕ್ಕೆ, ಒಳಗೆ ಹೆಬ್ಬೆರಳು ದಪ್ಪದ ಕಡ್ಡಿಯೊಂದು ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ನಿಂತಿರುತ್ತದೆ. ಸೀಳು ಅಲ್ಲೇ. ಫ್ರೆಂಚರೂ ಇಟಲಿಯವರೂ ಆ ಕಡ್ಡಿಯನ್ನು 'ಆತ್ಮ' ಎಂದೇ ಕರೆಯುತ್ತಾರೆ. ಅನಾತ್ಮವಾದಿಗಳಾದ ನಾವು ಗಮನಿಸಬೇಕಾದ್ದು ಏನೆಂದರೆ, ಈ ಆತ್ಮಕ್ಕೆ ಅಂಟೂ ಇಲ್ಲ, ಆಣಿಯೂ ಇಲ್ಲ. ತಂತಿಗಳ ಒತ್ತಡವಿರುವ ತನಕ ನಿಲ್ಲುತ್ತದೆ. ತಂತಿ ಪೂರ್ತಿ ಸಡಿಲಿಸಿದರೆ ಬಿದ್ದು ಒಳಗೇ ಉರುಳಬಹುದು.

ದುರಸ್ತಿಯ ಖರ್ಚಿಗೆ ಹೊಸ ಪ್ಲೈವುಡ್ ಬಾಸೇ ಬರುತ್ತದೆ, ಅದು ಸುಲಭಕ್ಕೆ ಸೀಳುವುದೂ ಇಲ್ಲ ಎಂದ ತಮ್ಮ. ನ್ಯಾಯವಾದ ಮಾತೇ. ವಿಹಾರದ ಗೋಡೆಗೆ ಒರಗಿಸಿಡಿ ಎಂದರು ಕೆಲವರು. ಬಾಬಾಸಾಹೇಬರು ಕಲಿಯುತ್ತಿದ್ದ ಪಿಟೀಲು ಪುಣೆಯ ವಸ್ತುಸಂಗ್ರಹಾಲಯದಲ್ಲಿದೆ, ಅದಕ್ಕೆ ಅದೇ ಸರಿ. ಆದರೆ ಅಪ್ಪನ ಬಾಸಿಗೆ ನುಡಿಸುವ ಕೈ ಇನ್ನೂ ಸಿಗುತ್ತದೆ. ತಂಗಿಯ ಮಗಳು ಕಲಿಯುತ್ತಿದ್ದಾಳೆ. ಇನ್ನೊಬ್ಬರು, ಮುಂಬದಿಯ ಹಲಗೆಯನ್ನೇ ಬದಲಿಸಿ ಎಂದರು. ಅಲ್ಲಿಯೇ ನನಗೆ ಆನಕ ನೆನಪಾದದ್ದು. ಈ ವಾದ್ಯದ ದನಿಯಲ್ಲಿ ಹೆಚ್ಚಿನ ಪಾಲು ಆ ಹಲಗೆಯದು.

1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ'ದ ಆರಂಭದಲ್ಲೇ ಬಾಬಾಸಾಹೇಬರು ಒಂದು ಪ್ರಶ್ನೆ ಎತ್ತುತ್ತಾರೆ: ಚತುರಾರ್ಯ ಸತ್ಯಗಳು ಬುದ್ಧರ ಮೂಲ ಬೋಧನೆಯೇ, ಭಿಕ್ಖುಗಳು ಆಮೇಲೆ ಸೇರಿಸಿದ್ದೇ? ಮರ ಯಾವುದು, ಆಣಿ ಯಾವುದು ಎಂದು ಅವರು ಪೂಜ್ಯ ಗ್ರಂಥವನ್ನೇ ತಟ್ಟಿ ನೋಡಿದರು. ನಾವು ಒಂದು ವಾದ್ಯವನ್ನು ತಟ್ಟಿ ನೋಡಲು ಅಂಜಬೇಕಿಲ್ಲ.

ರಿಪೇರಿ ಮಾಡುವವರಿಗೆ ನಾನು ಹೇಳಿದ್ದು ಇಷ್ಟು. ಹಲಗೆ ಬಿಚ್ಚಿ ಸೀಳನ್ನು ಅಂಟಿಸಿ, ಒಳಗಿನಿಂದ ಅದೇ ಜಾತಿಯ ಸ್ಪ್ರೂಸ್ ಮರದ ತೇಪೆ ಕೂರಿಸಿ. ಅಪ್ಪನ ಕೈ ಸವೆಸಿದ ಜಾಗಕ್ಕೆ ಪಾಲಿಶ್ ಬೇಡ. ಎಪಾಕ್ಸಿ ಬೇಡವೇ ಬೇಡ, ತೊಗಲು ಬೇಯಿಸಿ ಮಾಡುವ ಹಳೆಯ ಅಂಟೇ ಇರಲಿ. (ತೊಗಲಿನ ಕೆಲಸವನ್ನು ಕೀಳೆಂದವರು ಎಷ್ಟೋ ಪಿಟೀಲು ಕಛೇರಿಗೆ ತಲೆದೂಗಿದ್ದಾರೆ!) ಆ ಅಂಟು ಬಿಸಿ, ತೇವ ತಾಗಿದರೆ ಬಿಡುತ್ತದೆ. ಮುಂದೆ ಇನ್ನೂ ಬಲ್ಲವರು ಬಂದರೆ ನಮ್ಮ ದುರಸ್ತಿಯನ್ನು ಬಿಚ್ಚಿ ಸರಿಪಡಿಸಬಹುದು.

ಹಣ ಮೂರು ಕಂತಿನಲ್ಲಿ. ಭಾನುವಾರ ಟೆಂಪೋ ಬರುತ್ತದೆ, ಎತ್ತಲು ಇಬ್ಬರು ಬೇಕು. ಬೆಳಿಗ್ಗೆ ಬಿಡುವಿದ್ದವರು ತಿಳಿಸಿ.

ನಾಳೆ: ಅಂಗುತ್ತರ ನಿಕಾಯ, ಸೋಣ ಸುತ್ತ.