ನನ್ನ ‘ಅಪ್ಲಿಕೇಶನ್ಸ್’ ಮೆನು ಎಲ್ಲಿ ಹೋಯಿತು?

ಈ ತಿಂಗಳ ಟಪಾಲಿನಲ್ಲಿ ವೈರಸ್ಸು, ಪ್ರಿಂಟರು ಎರಡೂ ಹಿಂದೆ ಬಿದ್ದಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತಲ್ಲ, ಆಮೇಲೆ ಹಳೆಯ ಕಂಪ್ಯೂಟರನ್ನು ಭಂಗಾರದವನಿಗೆ ಕೊಡಲು ಮನಸ್ಸಾಗದೆ ಲಿನಕ್ಸ್ ಹಾಕಿಸಿಕೊಂಡವರು ಕೆಲವರು. ಮೊದಲಿನಿಂದ ಲಿನಕ್ಸ್‌ನಲ್ಲೇ ಇದ್ದು ಈಗ ಹೊಸ ಆವೃತ್ತಿಗೆ ಬಂದವರು ಕೆಲವರು. ಇಬ್ಬರ ದೂರೂ ಒಂದೇ: ಪರದೆಯ ಮೇಲೆ ಇದ್ದದ್ದು ಇದ್ದ ಜಾಗದಲ್ಲಿಲ್ಲ. ಹಾಗಾಗಿ ಈ ಸಲ ಆ ಪತ್ರಗಳಿಗೇ ಜಾಗ.

ಪ್ರಶ್ನೆ: ಮಾನ್ಯರೆ, ನಾನು ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತ. ಮೊದಲು ಸಿ.ಜಿ.ಎಸ್. ಕಾಲನಿಯ ಕ್ವಾರ್ಟರ್ಸ್‌ನಲ್ಲಿದ್ದೆ, ಈಗ ಅಲ್ಲೇ ಹತ್ತಿರ ಒಂದು ಸೊಸೈಟಿಯಲ್ಲಿದ್ದೇನೆ. ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿ, ವಂತಿಗೆ ಲೆಕ್ಕ ಎಲ್ಲ ನನ್ನ ಕಂಪ್ಯೂಟರಿನಲ್ಲೇ. 2010ರಲ್ಲಿ ಅಕ್ಕನ ಮಗ ಉಬುಂಟು ಲಿನಕ್ಸ್ ಹಾಕಿಕೊಟ್ಟ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಎಡ ಮೂಲೆಯಲ್ಲಿ ಅಪ್ಲಿಕೇಶನ್ಸ್, ಪ್ಲೇಸಸ್, ಸಿಸ್ಟಮ್ ಅಂತ ಮೂರು ಮೆನು. ಕಣ್ಣು ಮುಚ್ಚಿ ಕೆಲಸ ಮಾಡುತ್ತಿದ್ದೆ. ಅಲ್ಲಿಂದೀಚೆಗೆ ಮೂರು ಸಲ ಅದರ ಚಹರೆ ಬದಲಾಗಿದೆ. ಈಗ 24.04 ಹಾಕಿದ್ದಾನೆ. ನಮ್ಮ ಸೊಸೈಟಿಯ ಗೇಟಿಗೆ ಬಣ್ಣ ಬಳಿಯಬೇಕಾದರೂ ಜನರಲ್ ಬಾಡಿ ಕರೆಯುತ್ತಾರೆ. ಇವರು ಯಾರನ್ನು ಕೇಳಿ ಬದಲಾಯಿಸುತ್ತಾರೆ?

ತಾ.ಕ.: ಲೆಕ್ಕದ ಹಾಳೆಯ ತಂತ್ರಾಂಶ ಕ್ಯಾಲ್ಕ್‌ನಲ್ಲಿ ಹೆಸರು ಬರೆಯುವಾಗ ಕನ್ನಡಕ್ಕೆ ಬದಲಾಯಿಸಲು ಕಂಟ್ರೋಲ್-ಸ್ಪೇಸ್ ಒತ್ತಿದರೆ ಇಡೀ ಕಂಬಸಾಲು ನೀಲಿಯಾಗುತ್ತದೆ. ಒಮ್ಮೆ ಗಾಬರಿಯಲ್ಲಿ ಡಿಲೀಟ್ ಒತ್ತಿ ಎಲ್ಲ ಹೆಸರೂ ಹೋದವು.
— ನಿವೃತ್ತ ಓದುಗರು, ಆಂಟಾಪ್ ಹಿಲ್

ಉತ್ತರ: ಯಾರನ್ನೂ ಕೇಳುವುದಿಲ್ಲ. ಇದನ್ನು ಅವರೇ ಬಾಯಿಬಿಟ್ಟು ಹೇಳಿದ್ದೂ ಆಗಿದೆ. ನೀವು ಉಬುಂಟು ಹಾಕಿಸಿಕೊಂಡ 2010ರಲ್ಲೇ, 10.04 ಆವೃತ್ತಿಯಲ್ಲಿ, ಕಿಟಕಿ ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿದರು. ಜನ ರೇಗಿದರು. ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಕೊಟ್ಟ ಉತ್ತರದ ಸಾರಾಂಶ: ಇದು ಪ್ರಜಾಪ್ರಭುತ್ವವಲ್ಲ, ಅಭಿಪ್ರಾಯ ಹೇಳಿ, ಆದರೆ ವಿನ್ಯಾಸಕ್ಕೆ ಮತದಾನವಿಲ್ಲ. ಏಳು ವರ್ಷದ ಮೇಲೆ, 2017ರ 17.10ರಲ್ಲಿ, ಅದೇ ಗುಂಡಿಗಳು ಸದ್ದಿಲ್ಲದೆ ಬಲಕ್ಕೆ ವಾಪಸು ಬಂದವು. ಅಷ್ಟರಲ್ಲಿ ಎಡಕ್ಕೆ ಕೈ ಪಳಗಿಸಿಕೊಂಡಿದ್ದವರು ಮತ್ತೆ ಬೈದರು ಅನ್ನಿ.

ನಿಮ್ಮ ಮೂರು ಮೆನುಗಳ ಕಥೆ ಇನ್ನೂ ದೊಡ್ಡದು. ಅವು ಇದ್ದದ್ದು ಗ್ನೋಮ್ 2 ಎಂಬ ಡೆಸ್ಕ್‌ಟಾಪಿನಲ್ಲಿ. 2011ರ ಏಪ್ರಿಲ್ ಒಂದೇ ತಿಂಗಳಲ್ಲಿ ಅದಕ್ಕೆ ಎರಡು ಕಡೆಯಿಂದ ಏಟು ಬಿತ್ತು. 6ನೇ ತಾರೀಖು ಗ್ನೋಮ್‌ನವರೇ ಮೂರನೇ ಆವೃತ್ತಿ ಬಿಟ್ಟರು. ಅದರಲ್ಲಿ ಕೆಳಗಿನ ಪಟ್ಟಿಯಿಲ್ಲ, ಡೆಸ್ಕ್‌ಟಾಪಿನ ಮೇಲೆ ಐಕಾನ್ ಇಲ್ಲ, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಇಲ್ಲ. 28ಕ್ಕೆ ಬಂದ ಉಬುಂಟು 11.04 ಆ ಗ್ನೋಮನ್ನೂ ಬಿಟ್ಟು, ಎಡಗಡೆ ಐಕಾನುಗಳ ಸಾಲಿರುವ ‘ಯೂನಿಟಿ’ ಎಂಬ ತನ್ನದೇ ಮುಖವನ್ನು ತಂದಿತು. ಆ ಸಾಲನ್ನು ಕೆಳಕ್ಕೆ ತರಲು ಬಳಕೆದಾರರಿಗೆ ಅನುಮತಿ ಸಿಕ್ಕಿದ್ದು 2016ರಲ್ಲಿ! 2017ರ ಏಪ್ರಿಲ್‌ನಲ್ಲಿ ಯೂನಿಟಿಯನ್ನೂ ಕೈಬಿಟ್ಟು ಗ್ನೋಮ್‌ಗೆ ಮರಳುವುದಾಗಿ ಶಟಲ್‌ವರ್ತ್ ಘೋಷಿಸಿದರು. ನೀವು ಎಣಿಸಿದ ಮೂರು ಸಲ ಸರಿಯಾಗಿಯೇ ಇದೆ: ಯೂನಿಟಿ ಒಂದು, ಮರಳಿ ಬಂದ ಗ್ನೋಮ್ ಎರಡು, 2021ರ ಗ್ನೋಮ್ 40ರಲ್ಲಿ ವರ್ಕ್‌ಸ್ಪೇಸುಗಳು ಮೇಲೆ-ಕೆಳಗಿನ ಬದಲು ಎಡ-ಬಲ ಸಾಲಾದದ್ದು ಮೂರು.

ಬದಲಾಯಿಸಿದವರಿಗೆ ಕಾರಣಗಳಿರಲಿಲ್ಲ ಎಂದಲ್ಲ. ಗ್ನೋಮ್ 2ರ ಅಡಿಪಾಯ 2002ರದ್ದು, ಒಳಗಿನ ಕೋಡ್ ಹಳಸಿತ್ತು. 2011ರ ಹೊತ್ತಿಗೆ ಮಾರುಕಟ್ಟೆಗೆ ಬಂದಿದ್ದ ಸಣ್ಣ ನೆಟ್‌ಬುಕ್‌ಗಳ ಅಗಲದ, ಗಿಡ್ಡ ಪರದೆಯಲ್ಲಿ ಮೇಲೊಂದು ಕೆಳಗೊಂದು ಪಟ್ಟಿ ಇಟ್ಟರೆ ಓದಲು ಉಳಿಯುತ್ತಿದ್ದದ್ದು ಸ್ವಲ್ಪವೇ ಜಾಗ. ಇನ್ನೊಂದು ಮಾತು, ನಾವು ಇಂದು ಹಂಬಲಿಸುವ ಆ ಗ್ನೋಮ್ 2 ಕೂಡ 2002ರಲ್ಲಿ ಬಂದಾಗ, ಬೇಕಾದ ಆಯ್ಕೆಗಳನ್ನೆಲ್ಲ ಕಿತ್ತುಹಾಕಿದ್ದಾರೆ ಎಂದು ಬೈಸಿಕೊಂಡಿತ್ತು. ಆದರೂ ನನ್ನ ಲೆಕ್ಕದಲ್ಲಿ 2011ರ ತಪ್ಪು ಬದಲಾವಣೆಯದಲ್ಲ. ಹಳೆಯದನ್ನು ಕೆಲ ವರ್ಷ ಪಕ್ಕದಲ್ಲಿ ಉಳಿಸದೆ ಬಾಗಿಲು ಹಾಕಿದ್ದರದ್ದು.

ಇನ್ನು ನಿಮಗೆ ಬೇಕಾದದ್ದು. ಆ ಮೂರು ಮೆನುಗಳು ಹೋಗಿಲ್ಲ. 2011ರಲ್ಲೇ ಅರ್ಜೆಂಟೀನಾದ ಒಬ್ಬ ಲಿನಕ್ಸ್ ಬಳಕೆದಾರ ಗ್ನೋಮ್ 2ರ ಕೋಡನ್ನು ಹಾಗೆಯೇ ಎತ್ತಿಕೊಂಡು, ಅದಕ್ಕೆ ‘ಮಾಟೆ’ ಎಂದು ಹೆಸರಿಟ್ಟು ಮುಂದುವರಿಸಿದ. ಆಮೇಲೆ ಹತ್ತಾರು ಜನ ಸೇರಿಕೊಂಡು ಅದರ ಒಳಗಿನ ಹಳೆಯ ಭಾಗಗಳನ್ನು ಒಂದೊಂದಾಗಿ ಹೊಸದು ಮಾಡಿದರು, ಮುಖ ಮಾತ್ರ ಮುಟ್ಟಲಿಲ್ಲ. ಜನರಲ್ ಬಾಡಿ ಇಲ್ಲದ ಕಡೆ ಇರುವ ಹಕ್ಕು ಇದು: ಒಪ್ಪಿಗೆಯಾಗದವರು ಪೂರ್ತಿ ಪ್ರತಿ ತೆಗೆದುಕೊಂಡು ಬೇರೆ ಸಂಸಾರ ಹೂಡಬಹುದು. ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿ ಮಾಯವಾದಾಗ ಅದರ ಬಳಕೆದಾರರಿಗೆ ಈ ಹಕ್ಕು ಇರಲಿಲ್ಲ; ಒಂದು ವರ್ಷದ ಮೇಲೆ 8.1ರಲ್ಲಿ ಮೈಕ್ರೋಸಾಫ್ಟ್ ತಾನಾಗಿ ಆ ಗುಂಡಿಯನ್ನು ವಾಪಸು ಕೊಟ್ಟಿತು.

ಅಕ್ಕನ ಮಗನಿಗೆ ಹೇಳಿ ಲಿನಕ್ಸ್ ಮಿಂಟ್ 22ರ ಮಾಟೆ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿಸಿ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವಿನಿಂದಲೇ ಒಂದು ಸಂಜೆ ಓಡಿಸಿ ನೋಡಿ. ಕೆಳಗಿನ ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ಮೇಲೆ ಹೊಸ ಪಟ್ಟಿ ಸೇರಿಸಿಕೊಳ್ಳಿ, ಅದರೊಳಗೆ ಮೂರೂ ಮೆನು ಒಟ್ಟಿಗಿರುವ ಮೆನು ಬಾರ್ ಇಟ್ಟುಕೊಳ್ಳಿ. 2029ರವರೆಗೆ ಅದಕ್ಕೆ ಭದ್ರತಾ ಅಪ್‌ಡೇಟ್ ಬರುತ್ತದೆ. ಒಂದೇ ಎಚ್ಚರಿಕೆ, ಸಂಘದ ಮಾರ್ಚ್ ಲೆಕ್ಕ ಮುಗಿದು ಆಡಿಟ್ ಆಗುವ ತನಕ ಯಂತ್ರವನ್ನು ಮುಟ್ಟಲು ಯಾರಿಗೂ ಬಿಡಬೇಡಿ.

ತಾಜಾ ಕಲಮಿನ ವಿಷಯ. ಹೆಸರುಗಳು ಹೋದಾಗ ಕಂಟ್ರೋಲ್-ಝಡ್ ಒತ್ತಿದರೆ ಹಾಗೇ ವಾಪಸು ಬರುತ್ತವೆ. ಕ್ಯಾಲ್ಕ್‌ನಲ್ಲಿ ಕಂಟ್ರೋಲ್-ಸ್ಪೇಸ್ ಎಂದರೆ ‘ಇಡೀ ಕಂಬಸಾಲನ್ನು ಆರಿಸು’ ಎಂದರ್ಥ. ಮೊದಲು ಭಾಷೆ ಬದಲಾಯಿಸುವ ಐಬಸ್ ಎಂಬ ಸಲಕರಣೆ ಆ ಕೀಲಿಯನ್ನು ನಡುವೆಯೇ ಹಿಡಿದುಕೊಳ್ಳುತ್ತಿತ್ತು, ಕ್ಯಾಲ್ಕ್‌ಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. 2012ರ ಗ್ನೋಮ್ 3.6 ಐಬಸ್ಸನ್ನು ತನ್ನೊಳಗೇ ಸೇರಿಸಿಕೊಂಡಿತು. ಅದರ ಬೆನ್ನಿಗೆ ಕೀಲಿ ‘ಸೂಪರ್-ಸ್ಪೇಸ್’ ಆಯಿತು, ಅಂದರೆ ವಿಂಡೋಸ್ ಲಾಂಛನವಿರುವ ಕೀಲಿಯ ಜೊತೆಗೆ ಸ್ಪೇಸ್. ಚೀನಿ, ಜಪಾನಿ ಬರೆಯುವವರೂ ಆಗ ನಿಮ್ಮಷ್ಟೇ ಸಿಟ್ಟಾಗಿದ್ದರು. ಹಿಂದಿನ ಆವೃತ್ತಿಯಲ್ಲಿ ಅಕ್ಕನ ಮಗ ಹಳೆಯ ಕೀಲಿಯನ್ನೇ ಹೊಂದಿಸಿಕೊಟ್ಟಿರಬೇಕು, ಹೊಸದಾಗಿ ಹಾಕುವಾಗ ಮರೆತಿದ್ದಾನೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ, ಶಾರ್ಟ್‌ಕಟ್‌ಗಳ ಪೈಕಿ ‘ಟೈಪಿಂಗ್’ ಎಂಬಲ್ಲಿ ಬದಲಾಯಿಸಬಹುದು. ಆದರೆ ಲೆಕ್ಕದ ಹಾಳೆಯಲ್ಲೇ ಹೆಚ್ಚು ಕೆಲಸವಿರುವವರು ಸೂಪರ್-ಸ್ಪೇಸ್‌ಗೆ ಒಗ್ಗಿಕೊಳ್ಳುವುದೇ ಕ್ಷೇಮ. ಕನ್ನಡದ ಕೀಲಿ ವಿನ್ಯಾಸವಂತೂ ಅಲುಗಾಡಿಲ್ಲ. ನಿಮ್ಮ ಮುಂಬಯಿಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲೇ ದುಡಿದಿದ್ದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ, ‘ನುಡಿ’ ತಂತ್ರಾಂಶದಲ್ಲಿರುವುದೇ, ಲಿನಕ್ಸ್‌ನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿದೆ. ಡೆಸ್ಕ್‌ಟಾಪು ಎಷ್ಟು ವೇಷ ಬದಲಿಸಿದರೂ ಕ ಇರುವಲ್ಲೇ ಕ ಇದೆ.

ಪ್ರಶ್ನೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ದುಡ್ಡು ಕೊಡದೆ ಬಳಸುವವರಿಗೆ ದೂರುವ ಹಕ್ಕೆಲ್ಲಿಂದ ಬಂತು? ನನ್ನ ಕಾಲೇಜಿನಲ್ಲಿ ಈ ಬಗ್ಗೆ ದೊಡ್ಡ ಜಗಳವೇ ಆಯಿತು.
— ಇಂಜಿನಿಯರಿಂಗ್ ವಿದ್ಯಾರ್ಥಿ, ವಡಾಲ

ಉತ್ತರ: ಉಡುವವರು ಮೊಳ ಹಾಕದೆ ಇನ್ನಾರು ಹಾಕಬೇಕು? ಲಿನಕ್ಸ್‌ನ ತಿರುಳನ್ನು ಬರೆದ ಲಿನಸ್ ಟೊರ್ವಾಲ್ಡ್ಸ್ ಅವರೇ ಈ ವಿಷಯದಲ್ಲಿ ಮೊದಲ ಸಾಲಿನ ದೂರುದಾರ. 2008ರ ಜನವರಿಯಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪಿನ 4.0 ಆವೃತ್ತಿ ಅರ್ಧ ಬೆಂದಂತೆ ಹೊರಬಂದಾಗ ಅದನ್ನು ಬಿಟ್ಟು ಗ್ನೋಮ್‌ಗೆ ಬಂದರು. 2011ರಲ್ಲಿ ಗ್ನೋಮ್ 3ನ್ನು ಕಟುವಾಗಿ ಬೈದು ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ಹೋದರು. 2013ರ ಹೊತ್ತಿಗೆ ಎಕ್ಸ್‌ಟೆನ್ಶನ್‌ಗಳನ್ನು ಹಾಕಿಕೊಂಡು ಮತ್ತೆ ಗ್ನೋಮ್‌ಗೇ ಬಂದರು.

ಹಾಗೆಂದು ದೂರಿಗೆಲ್ಲ ಒಂದೇ ತೂಕವೂ ಇಲ್ಲ. ಹಳೆಯ ಮುಖವನ್ನೇ ಹೋಲುವ ‘ಗ್ನೋಮ್ ಕ್ಲಾಸಿಕ್’ 2013ರ 3.8ರಲ್ಲಿ ಬಂತು, ಮರುವರ್ಷ ರೆಡ್ ಹ್ಯಾಟ್ ತನ್ನ ಕಂಪನಿ ಗ್ರಾಹಕರಿಗೆ ಕೊಡುವ ಆರ್‌ಎಚ್‌ಇಎಲ್ 7ರಲ್ಲಿ ಅದನ್ನೇ ಮೊದಲ ಆಯ್ಕೆಯಾಗಿ ಇಟ್ಟಿತು. ದುಡ್ಡು ಕೊಡುವವರ ಅಭ್ಯಾಸವನ್ನು ಕೆಡಿಸಬಾರದು ಎಂಬುದು ಅಲ್ಲಿ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ದುಡ್ಡಿಲ್ಲದವರ ದೂರು ತಲುಪುವುದು ಎರಡು ಸಂದರ್ಭದಲ್ಲಿ: ಅದು ತತ್ವದ ಪ್ರಶ್ನೆಯಾದಾಗ, ಇಲ್ಲವೇ ಕೆಲಸ ಮಾಡುವ ಕೈ ಜೊತೆಗೆ ಬಂದಾಗ. 2012ರ ಉಬುಂಟು 12.10ರಲ್ಲಿ ನಮ್ಮ ಕಂಪ್ಯೂಟರಿನೊಳಗೆ ನಾವು ಹುಡುಕಿದ ಪದ ಅಮೆಜಾನ್ ಅಂಗಡಿಯ ಫಲಿತಾಂಶ ತರಲು ಹೊರಗೆ ಹೋಗುತ್ತಿತ್ತು. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಅದನ್ನು ಬೇಹುಗಾರಿಕೆ ಎಂದೇ ಕರೆದರು. 16.04ರಲ್ಲಿ ಉಬುಂಟುವಿನವರು ಅದನ್ನು ತಾನಾಗಿ ನಡೆಯದಂತೆ ನಿಲ್ಲಿಸಿಟ್ಟರು. ಕೈ ಜೊತೆಗೆ ಬಂದದ್ದಕ್ಕೆ ಮೇಲಿನ ಮಾಟೆ ಇದೆ, ಲಿನಕ್ಸ್ ಮಿಂಟ್‌ನ ಕ್ಲೆಮೆಂಟ್ ಲಫೆವ್ರ್ ತಂಡ ಕಟ್ಟಿದ ಸಿನಮನ್ ಡೆಸ್ಕ್‌ಟಾಪು ಇದೆ. ಬರೀ ‘ಥೂ’ ಎಂದು ಬರೆದ ಸಾವಿರಾರು ಸಾಲುಗಳಿಂದ ಒಂದು ಗುಂಡಿಯೂ ಕದಲಿದ್ದು ನಾನು ಕಂಡಿಲ್ಲ. ಜಗಳವಾಡಿದ ಗೆಳೆಯರಲ್ಲಿ ಯಾರಿಗಾದರೂ ಸಿ ಭಾಷೆ ಬರುತ್ತದೆಯೆ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದ ಶಾಲೆಯ ಶಿಕ್ಷಕಿ. ಕೇರಳದ ಶಾಲೆಗಳಲ್ಲಿ ಗ್ನೂ/ಲಿನಕ್ಸ್ ಇರುವುದು ನಿಮಗೆ ಗೊತ್ತೇ ಇದೆ. ನನ್ನ ಸ್ವಂತ ಲ್ಯಾಪ್‌ಟಾಪಿನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡಿದ್ದೇನೆ. ಪ್ರತಿ ಸಲ ಹೊಸ ಆವೃತ್ತಿ ಹಾಕಿದಾಗಲೂ ಮೆನುಗಳಲ್ಲಿ ಕನ್ನಡ ಕಡಿಮೆಯಾಗಿ ಇಂಗ್ಲಿಷ್ ಹೆಚ್ಚಾಗುತ್ತದೆ. ಇದು ನನ್ನ ಭ್ರಮೆಯೊ?
— ಶಿಕ್ಷಕಿ, ಕಾಸರಗೋಡು ಜಿಲ್ಲೆ

ಉತ್ತರ: ಭ್ರಮೆಯಲ್ಲ ಮೇಡಂ. ಚಹರೆ ಬದಲಾವಣೆಯ ಬಗ್ಗೆ ಜಗತ್ತೆಲ್ಲ ನಡೆದ ವಾದದಲ್ಲಿ ನಾನು ಕಂಡಂತೆ ಯಾರೂ ಎತ್ತದ ಪ್ರಶ್ನೆಯನ್ನು ನೀವು ಎತ್ತಿದ್ದೀರಿ.

ಪರದೆಯ ಮೇಲಿನ ಒಂದೊಂದು ಮಾತೂ ಒಂದು ಕಡತದಲ್ಲಿ ಜೋಡಿಯಾಗಿ ಕೂತಿರುತ್ತದೆ: ಮೇಲೆ ಇಂಗ್ಲಿಷ್ ಮೂಲ, ಕೆಳಗೆ ಕನ್ನಡ. ವಿನ್ಯಾಸಕಾರರು ಆ ಇಂಗ್ಲಿಷ್ ಸಾಲನ್ನು ಸ್ವಲ್ಪ ತಿದ್ದಿದರೆ, ಕೊನೆಗೆ ಮೂರು ಚುಕ್ಕಿ ಸೇರಿಸಿದರೂ ಸಾಕು, ಕೆಳಗಿನ ಕನ್ನಡಕ್ಕೆ ‘ಫಜಿ’ ಎಂಬ ಗುರುತು ಬೀಳುತ್ತದೆ. ಅಂದರೆ, ಇದು ಇನ್ನೂ ಸರಿಯೋ ತಪ್ಪೋ ಯಾರಾದರೂ ನೋಡಿ ಹೇಳಬೇಕು ಎಂದು. ನೋಡುವವರು ಬರುವ ತನಕ ತಂತ್ರಾಂಶ ಆ ಕನ್ನಡವನ್ನು ನಂಬುವುದಿಲ್ಲ, ಇಂಗ್ಲಿಷನ್ನೇ ತೋರಿಸುತ್ತದೆ. ಅನುವಾದ ಅಲ್ಲೇ ಇರುತ್ತದೆ, ಬಹುಪಾಲು ಸರಿಯಾಗಿಯೂ ಇರುತ್ತದೆ, ಕಾಣುವುದು ಮಾತ್ರ ಇಲ್ಲ.

ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತದೆ. ಬಿಡುವ ಕೆಲವೇ ವಾರ ಮೊದಲು ಇಂಗ್ಲಿಷ್ ಸಾಲುಗಳನ್ನು ಸ್ಥಿರಗೊಳಿಸುತ್ತಾರೆ. ಅನುವಾದಕರ ಕೆಲಸಕ್ಕೆ ಸಿಗುವುದು ಅಷ್ಟು ಸಮಯ. ಜರ್ಮನ್, ಫ್ರೆಂಚ್ ತಂಡಗಳಲ್ಲಿ ಆ ಕೆಲಸಕ್ಕೆ ಸದಾ ಜನರಿರುತ್ತಾರೆ. ಕನ್ನಡದ್ದನ್ನು ಒಂದು ಕಾಲದಲ್ಲಿ ರೆಡ್ ಹ್ಯಾಟ್‌ನ ಪುಣೆ ಕಚೇರಿಯ ಭಾಷಾ ತಂಡದಲ್ಲಿದ್ದವರೂ ಬೆಂಗಳೂರು ಕಡೆಯ ಸ್ವಯಂಸೇವಕರೂ ಹೊತ್ತಿದ್ದರು. ಶೇಕಡಾ 80ರಷ್ಟು ಸಾಲು ಅನುವಾದವಾದ ಭಾಷೆಯನ್ನು ‘ಬೆಂಬಲಿತ’ ಎಂದು ಗ್ನೋಮ್ ಲೆಕ್ಕಕ್ಕೆ ಹಿಡಿಯುತ್ತಿತ್ತು. ಹಳೆಯ ಪರದೆಯನ್ನು ತೆಗೆದು ಹೊಸದನ್ನು ತಂದಾಗಲೆಲ್ಲ ಆ 80ರ ಗೆರೆಯ ಕಡೆಗೆ ಮತ್ತೆ ಕೆಳಗಿನಿಂದ ಏರಬೇಕು. ಸಾವಿರ ಜನರಿರುವ ಭಾಷೆಗೆ ಅದು ಒಂದು ವಾರದ ಕೆಲಸ, ಇಬ್ಬರೇ ಇರುವ ಭಾಷೆಗೆ ಮುಗಿಯದ ಕೆಲಸ. ವಿನ್ಯಾಸದ ಖರ್ಚಿನಲ್ಲಿ ಇದನ್ನು ಯಾರೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಗುಂಡಿ ಎಡಕ್ಕೆ ಹೋಯಿತೆಂಬ ಸಿಟ್ಟಿಗಿಂತ ನನಗೆ ಇದರ ಮೇಲೆ ಹೆಚ್ಚು ಸಿಟ್ಟು.

ಮಾಡಬಹುದಾದದ್ದು ಇದೆ. ಗ್ನೋಮ್‌ನ ಅನುವಾದ ನಡೆಯುವ ತಾಣದ ಹೆಸರು ‘ಡ್ಯಾಮ್ಡ್ ಲೈಸ್’. ಹೆಸರಿಗೆ ಹೆದರಬೇಡಿ, ಅಂಕಿಅಂಶಗಳ ಬಗೆಗಿನ ಹಳೆಯ ತಮಾಷೆ ಅದು. ಅಲ್ಲಿ ಖಾತೆ ತೆರೆದು ಕನ್ನಡ ತಂಡಕ್ಕೆ ಸೇರಿ. ಹೊಸದಾಗಿ ಅನುವಾದಿಸಲು ಹೊರಡಬೇಡಿ. ಮೊದಲು ‘ಫಜಿ’ ಬಿದ್ದ ಸಾಲುಗಳನ್ನಷ್ಟೇ ಹೆಕ್ಕಿ, ಸರಿಯಿದ್ದದ್ದಕ್ಕೆ ಗುರುತು ತೆಗೆಯಿರಿ. ಸತ್ತಂತೆ ಬಿದ್ದಿರುವ ಕನ್ನಡ ಅಷ್ಟರಿಂದಲೇ ಎದ್ದು ಬರುತ್ತದೆ. ದಿನಕ್ಕೆ ಒಂದು ಹತ್ತು ಸಾಲು ಸಾಕು.

ತರಗತಿಗೆ ಒಂದು ಸಲಹೆ. ಲ್ಯಾಬಿನಲ್ಲೊಂದು, ಮನೆಯಲ್ಲೊಂದು ಆವೃತ್ತಿ ಇರುವಾಗ ‘ಎಡ ಮೂಲೆಯ ಗುಂಡಿ ಒತ್ತಿ’ ಎಂದು ಬೋರ್ಡಿನ ಮೇಲೆ ಬರೆಯಬೇಡಿ. ಸೂಪರ್ ಕೀಲಿ ಒತ್ತಿ, ಬೇಕಾದ ತಂತ್ರಾಂಶದ ಹೆಸರಿನ ಮೊದಲ ಮೂರಕ್ಷರ ಟೈಪ್ ಮಾಡಿಸಿ. ಯೂನಿಟಿಯಲ್ಲೂ ಅದು ನಡೆಯುತ್ತಿತ್ತು, ಇಂದಿನ ಗ್ನೋಮ್‌ನಲ್ಲೂ ನಡೆಯುತ್ತದೆ.

ಪ್ರಶ್ನೆ: ಮಗಳು ಹೊಸದಾಗಿ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟಿದ್ದಾಳೆ. ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೇ ಇಲ್ಲ. ಮೂಲೆಯಲ್ಲಿ ಬರೀ ಮುಚ್ಚುವ ಗುಂಡಿ. ನನ್ನ ಯಂತ್ರ ಕೆಟ್ಟಿದೆಯೆ?
— ಗೃಹಿಣಿ, ಡೊಂಬಿವಲಿ

ಉತ್ತರ: ಕೆಟ್ಟಿಲ್ಲ. 2011ರಿಂದ ಗ್ನೋಮ್ ಇರುವುದೇ ಹೀಗೆ. ಉಬುಂಟುವಿನವರು ಆ ಗುಂಡಿಯನ್ನು ತಾವಾಗಿ ಸೇರಿಸಿ ಕೊಡುತ್ತಾರೆ, ಡೆಬಿಯನ್‌ನವರು ಗ್ನೋಮ್ ಕೊಟ್ಟದ್ದನ್ನು ಹಾಗೇ ಕೊಡುತ್ತಾರೆ. ‘ಟ್ವೀಕ್ಸ್’ ಎಂಬ ಪುಟ್ಟ ತಂತ್ರಾಂಶ ಹಾಕಿಸಿ, ಅದರಲ್ಲಿ ಕಿಟಕಿಯ ಶೀರ್ಷಿಕೆಪಟ್ಟಿಗೆ ಸಂಬಂಧಿಸಿದ ಜಾಗದಲ್ಲಿ ‘ಮಿನಿಮೈಸ್’ ಎದುರಿನ ಸ್ವಿಚ್ ಹಾಕಿ. ಮಗಳು ಮನೆಗೆ ಬರುವ ತನಕ ಸೂಪರ್ ಕೀಲಿ ಹಿಡಿದು ಇಂಗ್ಲಿಷಿನ ‘ಎಚ್’ ಒತ್ತಿ, ಕಿಟಕಿ ಕೆಳಗಿಳಿಯುತ್ತದೆ. ಮತ್ತೆ ಬೇಕಾದಾಗ ಆಲ್ಟ್-ಟ್ಯಾಬ್.