ಹಗೇವಿಗೆ ಇಳಿಯುವ ಮುನ್ನ

ಸುತ್ತೂರಿನಂಥ ಮೈಸೂರು ಸೀಮೆಯ ಊರುಗಳ ಹಿರಿಯರನ್ನು ಕೇಳಿ, ರಾಗಿ ತುಂಬಿಡುವ ಹಗೇವಿನ ಅಪಾಯ ಹೇಳುತ್ತಾರೆ. ಮುಚ್ಚಿದ ಹಗೇವಿನಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇ. 10ರಷ್ಟಾದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ದೀಪ ಇಳಿಬಿಟ್ಟು ನೋಡುವುದು ಹಳೆಯ ಪದ್ಧತಿ. ಆದರೆ ದೀಪ ಆರಲಿಲ್ಲವೆಂದು ಇಳಿಯಬೇಡಿ (ಗೋಬರ್ ಗ್ಯಾಸ್ ಗುಂಡಿಗಂತೂ ದೀಪ ಬೇಡವೇ ಬೇಡ, ಸ್ಫೋಟವಾದೀತು). ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೇಸರ್ ಸಂವೇದಕಗಳಿವೆ. ಸುಮಾರು 2 ಮೈಕ್ರಾನ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಈ ಅನಿಲ ಹೀರಿಕೊಳ್ಳುತ್ತದೆ. ಕಿರಣ ಎಷ್ಟು ಕುಂದಿತೆಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ. ಆಮ್ಲಜನಕವನ್ನು ಪ್ರತ್ಯೇಕವಾಗಿ ಅಳೆಯಲೇಬೇಕು. ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಧುಮುಕಬೇಡಿ. 112ಕ್ಕೆ ಕರೆ ಮಾಡಿ.